ಗಿರಿಯಪ್ಪನ ಮಗಳ ಫೀ

ಅಲ್ಲೋ ಫಕ್ಕೀರೇಶ, ನನ್ನ ಮಗಳು ತಹಮೀನಾಂದು ಅಲ್ಲ. ಅಕಿದೆಲ್ಲಾ ಆಗೇತಿ. ನಾಳೆ ಸಂಜಿಕ ಹುಬ್ಬಳ್ಳಿಯಿಂದ ರೈಲು, ಶುಕ್ರವಾರ ಹೈದರಾಬಾದಿನಾಗ ವೀಸಾ ಇಂಟರ್‌ವ್ಯೂ, ಅದು ಮುಗೀತಂದ್ರ ಒಂದ ವರ್ಷ ಅಮೇರಿಕಾದ ಕಾಲೇಜು. ಸವಣೂರಿಗೆಲ್ಲಾ ಗೊತ್ತಿದ್ದದ್ದು. ನಾ ಈಗ ಕೇಳಾಕ ಬಂದದ್ದು ಗಿರಿಯಪ್ಪಂದು. ತಿಳವಳ್ಳಿ ಗಿರಿಯಪ್ಪ... ನನ್ನ ಖಾರಾದಂಗಡಿಗೆ ಶೇಂಗಾ ಹಾಕ್ತಾನಲ್ಲ, ಅಂವಾ. ಅವನ ಮಗಳೂ ಹಿಂಗ ಹೊಂಟಾಳ.

ಹೂಂ, ಅಮೇರಿಕಾಕ್ಕನ.

ಶುಕ್ರವಾರನ. ಯಾಕ ನಗ್ತಿ? ಒಂದ ಶುಕ್ರವಾರ ಇಬ್ಬರು ಹುಡುಗ್ಯಾರು ಹೈದರಾಬಾದಿಗೆ ಹೋಗಬಾರದೇನು? ತಗೋ, ಈ ಪೊಟ್ಟಣಾ ಬಿಚ್ಚು. ಮುಂಜಾನೆ ಕರದು ಇಳಿಸಿದ ಶೇಂಗಾ ಖಾರಾ ಐತಿ. ತಿನ್ಕೋತ ಕೇಳು. ಹೊರಗ ನಿನ್ನ ಕಂಪ್ಯೂಟರಿನಾಗ ಪಹಣಿ ತಗಸಾಕ ಬಂದಾವ್ರು ಇನ್ನೂ ಅದಾರೇನು? ಹೋದ್ರಾ? ಛಲೋ ಆತು.

ಏನಪಾ ಅಂದ್ರ... ಆ ಅಮೇರಿಕಾದವರಿಗೆ ಫೀ ಎರಡು ಕಟ್ಟಬೇಕಂತ. ಒಂದು ವೀಸಾದ್ದು, ಅದನ್ನ ಕಟ್ಟಿದ ಮ್ಯಾಲನ ಇಂಟರ್‌ವ್ಯೂ ತಾರೀಖು ಕೊಡ್ತಾರ. ಅದನ್ನ ಹುಡುಗಿ ತಾನ ಕಟ್ಟ್ಯಾಳ. ಇನ್ನೊಂದು ಬ್ಯಾರೆ. ಓದಾಕ ಹೊಂಟ ಹುಡುಗರ ಹೆಸರು ಅವರ ಸರ್ಕಾರ ಒಂದ ಪಟ್ಟಿಗೆ ಏರಿಸ್ಕೋತತಿ, ಅದರ ಫೀ. ಇನ್ನೂರಾ ಇಪ್ಪತ್ತು ಡಾಲರು. ಅದರ ಪಾವತಿ ಇಲ್ಲದ ಹೋದ್ರ ಆ ಕಿಡಕ್ಯಾಗಿನ ಸಾಹೇಬ ಮಾರಿ ಸುದ್ದಾ ನೋಡಂಗಿಲ್ಲಂತ. ನಿನಗ ಗೊತ್ತಿರ್ತತಿ, ನಾ ಯಾಕ ಹೇಳಾಕತ್ತೇನಿ... ಈ ಎರಡನೇದ್ದನ್ನ ಕಟ್ಟೋದು ಗಿರಿಯಪ್ಪನ ಜಿಮ್ಮಾ ಇತ್ತು. ಯಾರೂ ಹೊರಿಸಿದ್ದಲ್ಲ ಮತ್ತ. ತಾನ ಮಗಳ ಮುಂದ ಎದಿ ಉಬ್ಬಿಸಿ ಹೇಳ್ಯಾನ, ಇದನ್ನ ನಾ ಕಟ್ತೇನಿ, ನೀ ಬ್ಯಾಗ ತುಂಬ್ಕೋ ಅಂತ.

ಕಟ್ಟಿಲ್ಲ.

ರೊಕ್ಕದ ಅಡಚಣಿ ಅಲ್ಲೋ. ರೊಕ್ಕ ಕಿಸೆದಾಗನ ಐತಿ. ಅವನ ಕಿಸೆದಾಗ. ಅಂವಾ ಅನ್ನೋದು ಏನಂದ್ರ, ಸರ್ಕಾರದ್ದು ಯಾವ ಲಾಸ್ಟ್ ಡೇಟ್ ಲಾಸ್ಟ್ ಆಗೇತಿ ಇಲ್ಲಿ ತನಕ? ರೇಶನ್ ಕಾರ್ಡಿಗೆ ಹೆಬ್ಬೆಟ್ಟು ಕೊಡ್ರಿ ಅಂದ್ರು, ಮೂರು ಸಲ ಮುಂದ ಹಾಕಿದ್ರು. ಆಧಾರಿಗೆ ಪ್ಯಾನ್ ಜೋಡಸ್ರಿ ಅಂದ್ರು, ಮುಂದ ಹಾಕಿದ್ರು. ಮೊದಲನೇ ದಿನ ಓಡಿ ಹೋಗಿ ಕಟ್ಟಿದವರು ಹುಚ್ಚರಾದ್ರು. ನೀನ ನನಗ ಹೇಳಿರಲಿಲ್ಲೇನು, 'ಗಡಬಡಿ ಮಾಡಬ್ಯಾಡ್ರಿ ಸಿರಾಜಣ್ಣ, ತಾರೀಖು ಮುಂದ ಹೋಗ್ತತಿ' ಅಂತ? ಅದ ಲೆಕ್ಕದಾಗ ಅಂವಾ ಕುಂತಾನ. ಅಮೇರಿಕಾದಾಗ ಮುಂದ ಹಾಕಂಗಿಲ್ಲ ಅಂತ ಅವಗೇನು ಗೊತ್ತು.

ಏನು? ಹಂಗಾರ ಮಗಳು ಪಾವತಿ ಕೇಳಲಿಲ್ಲೇನು ಅಂತಿಯೇನು? ಕೇಳಿದ್ಲು. ಕೊಟ್ಟಾನ.

ಹೂಂ, ಕೊಟ್ಟಾನ. ಲಕೋಟೆದಾಗ ಹಾಕಿ, ಬಾಯಿಗೆ ಗೋಂದು ಹಚ್ಚಿ ಕೊಟ್ಟಾನ. ಒಡೀಬ್ಯಾಡ, ಸಾಹೇಬನ ಕೈಯಾಗನ ಒಡೀಬೇಕು, ಮೊದಲ ಒಡದ್ರ ನಡೆಯಂಗಿಲ್ಲ ಅಂದಾನ. ತಹಶೀಲ್ದಾರ ಕಚೇರಿಯಾಗ ಸೀಲ್ ಹಾಕಿದ ಕವರು ಒಡದ್ರ ಹೌಹಾರ್ತಾರಲ್ಲ, ಹಂಗ ತಿಳಕೋ. ಒಳಗೇನೈತಿ ಅಂದ್ರ... ಅಂಗಡಿ ಕರೆಂಟ್ ಬಿಲ್ ಕಟ್ಟಿದ್ದ ಪಾವತಿ. ಅದೂ ಸರ್ಕಾರದ್ದ ಅಲ್ಲೇನು. ನಗಬ್ಯಾಡೋ. ಅವಗ ಆ ಹೊತ್ತಿನಾಗ ಕೈಗೆ ಸಿಕ್ಕದ್ದು ಅದ.

ಅಕಿ ಇಸ್ಕೊಂಡ್ಲು. ಎರಡೂ ಕೈಯಿಂದ ಇಸ್ಕೊಂಡು, 'ಜ್ವಾಕಿ ಇಟ್ಕೋತೇನಿ ಅಬ್ಬಾ' ಅಂದ್ಲು. ಅಷ್ಟ ಅಂದು ಒಳಗ...

ಯಾಕ ಹಂಗ ನೋಡ್ತಿ?

ಏನಂದ್ನಿ ನಾ? ಅಬ್ಬಾ ಅಂದ್ನಿ? ಗಿರಿಯಪ್ಪನ ಮಗಳು ಅಬ್ಬಾ ಅಂದ್ಲು ಅಂದ್ನಿ... ಹೂಂ. ಅಂದಿರಬೇಕು. ತಿಳವಳ್ಳ್ಯಾಗೂ ಕೆಲವರು ಅಂತಾರ... ಇಲ್ಲ. ಬಿಡು. ಯಾರೂ ಅನ್ನಂಗಿಲ್ಲ.

ಗಿರಿಯಪ್ಪಗ ಹೆಣ್ಣಮಕ್ಕಳ ಇಲ್ಲ ಫಕ್ಕೀರೇಶ. ಪಾಪ, ಇಬ್ಬರೂ ಗಂಡಮಕ್ಕಳು.

ಏನರ ಅನ್ನು. ಬೈ ಬೇಕಾದ್ರ. ಅಕಿಗೆ ನಾ ಆ ಲಕೋಟೆ ಕೊಟ್ಟು ಇಪ್ಪತ್ತೊಂದು ದಿನ ಆತು. ದಿನಾ ನಿನ್ನ ಅಂಗಡಿ ಮುಂದಿಂದನ ಹೋಗ್ತೇನಿ. ನೀ ಒಳಗ ಇರ್ತಿ, ನಾ ಆ ಕಡೆ ಮಾರಿ ಮಾಡಿ ಹೋಗ್ತೇನಿ. ಇವತ್ತ ಮುಂಜಾನೆ ಅಕಿ ಬ್ಯಾಗ ತೂಕಾ ಮಾಡಾಕತ್ತಿದ್ಲು, ನಮ್ಮ ಅಂಗಡಿ ತಕ್ಕಡಿ ಮ್ಯಾಲನ. ಅದನ್ನ ನೋಡಿ ನಿಂದ್ರಾಕ ಆಗಲಿಲ್ಲ, ಎದ್ದು ಬಂದೇನಿ.

ಯಾಕ, ಖಾರಾ ಯಾಕ ಉಗುಳಿ ಕೆಳಗಿಟ್ಟಿ? ತಿನ್ನು. ಮಾರಿ ಯಾಕ ಹಂಗ ಮಾಡಿದಿ? ನೀರು ಯಾಕ ಕುಡ್ಯಾಕತ್ತಿ ತಂಬಗಿ ಎತ್ತಿ?

ಉಪ್ಪು ಹೆಚ್ಚಾಗೇತಿ?

ಭಾಳ ಹೆಚ್ಚಾಗೇತೇನು?

...ಖರೇ ಹೇಳ್ಲಿ? ಯಾರ ಮುಂದೂ ಹೇಳಿಲ್ಲ. ಕೋವಿಡ್ ಬಂದು ಹೋತಲ್ಲ, ಆವಾಗಿಂದ ನನ್ನ ನಾಲಿಗಿಗೆ ರುಚಿ ಇಲ್ಲ. ಉಪ್ಪು ತಿಳೀವಲ್ದು, ಹುಳಿ ತಿಳೀವಲ್ದು. ಮೆಣಸಿನಕಾಯಿ ಅಂದ್ರ ಬರೇ ಉರಿ. ಬರ್ತತಿ ಬರ್ತತಿ ಅಂದ್ರು ಡಾಕ್ಟರು, ಬರಲಿಲ್ಲ. ಸವಣೂರಿನಾಗ ಖಾರಾ ಮಾಡಾಂವಗ ನಾಲಿಗಿ ಇಲ್ಲ ಅಂತ ಗೊತ್ತಾದ್ರ ಬಂಕಾಪುರದಾಂವ ಯಾಕ ಬಂದಾನು ನನ್ನ ಅಂಗಡಿಗೆ, ಹಾನಗಲ್ಲದಾಂವ ಯಾಕ ಬಂದಾನು? ಇಷ್ಟು ವರ್ಷ ನಡಿಸಿದಾಕಿ ತಹಮೀನಾ. ಕಡಾಯಿ ಇಳಿಸಿದ ಕೂಡಲೆ ಒಂದ ಚಿಟಿಕಿ ಬಾಯಾಗ ಹಾಕ್ಕೊಂಡು ಹೇಳ್ತಾಳ, 'ಅಬ್ಬಾ, ಇದನ್ನ ಮಾರಬ್ಯಾಡ್ರಿ.' 'ಅಬ್ಬಾ, ಇದು ಬರೋಬ್ಬರಿ ಐತಿ.' ಗಿರಾಕಿ ಮುಂದ ಒಂದ ದಿನಾ ಬಾಯಿ ಬಿಟ್ಟಿಲ್ಲ. ಒಳಗ ಮಾತ್ರ ಸಮಾ ಬೈತಾಳ, ಒಂದೂ ಬಿಡಂಗಿಲ್ಲ. ಹೆಂಡ್ತಿ ಮುನವ್ವರಾಗ ಕೇಳಬೇಕಂದ್ರ ಅಕಿಗೆ ಬಿ.ಪಿ., ಉಪ್ಪು ಬಿಟ್ಟು ಎಂಟು ವರ್ಷ ಆತು. ಅಕಿಗೆ ಬರೇ ಚುರಮುರಿನೂ ಉಪ್ಪನಿಸ್ತತಿ. ಇವತ್ತ ತಹಮೀನಾ ಬ್ಯಾಗಿನ ಗದ್ದಲದಾಗ ಇದ್ಲು. ನಾ ಒಬ್ಬನ ಮಾಡಿದ್ದು ಇದು. ನೀ ಉಗುಳಿದಿ.

ಇರ್ಲಿ, ಇರ್ಲಿ. ಉಗುಳಿದ್ದಕ್ಕ ಸಿಟ್ಟಿಲ್ಲ.

ಹೌದು, ಅದಕ್ಕನ ಕಟ್ಟಲಿಲ್ಲ. ಅಂಗಡಿ ಸಲುವಾಗಿ... ಅಂತ ನನಗ ನಾನ ಹೇಳ್ಕೊಂಡೇನಿ ಇಷ್ಟ ದಿನ. ಖರೇ ಕೇಳಿದ್ರ ಅಷ್ಟ ಅಲ್ಲ. ಅಂಗಡಿಗೆ ಯಾರರ ಸಿಗ್ತಾರ, ಊರಾಗ ನಾಲಿಗಿ ಇದ್ದವರಿಗೇನು ಬರ. ಅಕಿ ಇಲ್ಲದ ಆ ಮನಿ ನನಗ ಸೇರಂಗಿಲ್ಲ. ಒಂದ ವರ್ಷ ಅಂದ್ರ ಭಾಳ ಆತು. ಇದನ್ನ ಅಕಿ ಮುಂದ ಹೇಳಬೇಕಿತ್ತು, ಹೇಳಾಕ ಬರಲಿಲ್ಲ. ಫೀ ಕಟ್ಟದ ಬಿಡೋದು ಸಸಾರ ಇತ್ತು.

ಈಗ ಕಟ್ಟು. ಇವತ್ತನ ಕಟ್ಟು. ಮೂರು ದಿನ ಮೊದಲ ಕಟ್ಟಿರಬೇಕಂತ, ಇವತ್ತ ಮಂಗಳವಾರ. ಶುಕ್ರವಾರಕ್ಕ ಮುಟ್ಟೀತೋ ಇಲ್ಲೋ ನನಗ ತಿಳೀವಲ್ದು, ನೀನ ನೋಡು. ತಗೋ, ಇದು ಅಕಿ ಫಾರ್ಮಿನ ಝೆರಾಕ್ಸು. ಮ್ಯಾಲೆ ಬಲಕ್ಕೋ ಎಡಕ್ಕೋ ಒಂದ ನಂಬರ ಐತಿ ನೋಡು, ಅದನ್ನ ಹಾಕಬೇಕಂತ. ನಿನ್ನ ಕಾರ್ಡಿಂದ ಕಟ್ಟು, ರೊಕ್ಕ ಇಲ್ಲೇ ಐತಿ. ಪಾವತಿ ಬಂದ ಕೂಡಲೆ ಲಕೋಟೆ ಬದಲಿ ಮಾಡ್ತೇನಿ. ಅಕಿ ಸ್ನಾನಕ್ಕ ಹೋದಾಗ ಮಾಡ್ತೇನಿ. ಯಾರಿಗೂ ತಿಳಿಯಂಗಿಲ್ಲ.

ಹೊಡಿಯೋ ನಂಬರ. ಯಾಕ ಕೈ ಕಟ್ಟಿ ಕುಂತಿ? ಕರೆಂಟ್ ಅಂತೂ ಐತಿ.

ಫಕ್ಕೀರೇಶ, ಕೈ ಮುಗೀತೇನಿ. ನಿನಗಿಂತ ದೊಡ್ಡಾಂವ ಅದೇನಿ.

...ಹಾಂ. ಹಂಗ ಹೊಡಿ.

ಇದೇನು? ಸ್ಕ್ರೀನು ನನ್ನ ಕಡೆ ಯಾಕ ತಿರುಗಿಸಿದಿ? ಇಂಗ್ಲಿಷ್ ನನಗ ಓದಾಕ ಬರಂಗಿಲ್ಲ, ಗೊತ್ತಿಲ್ಲೇನು. ಹೆಸರು ಮಾತ್ರ ತಿಳೀತತಿ, ಅದು ತಹಮೀನಾಂದು. ಅಕಿ ಹೆಸರು ಅದರಾಗ ಹ್ಯಾಂಗ ಬಂತು, ಇನ್ನೂ ಕಟ್ಟೇ ಇಲ್ಲಲ್ಲ? ಕೆಳಗ ಇದು ರೊಕ್ಕ. ಇದು ತಾರೀಖು... ಆರು. ಈ ತಿಂಗಳ ಆರನೇ ತಾರೀಖು.

ನಾ ಲಕೋಟೆ ಕೊಟ್ಟದ್ದು ಐದಕ್ಕ.

ಯಾರು ಕಟ್ಟಿದ್ರು?

ನೆಲಾ ಯಾಕ ನೋಡಾಕತ್ತಿ? ನಿನ್ನ ಕಾರ್ಡಿಂದನೇನು? ಅಕಿ ಬಂದಿದ್ಲಾ ಇಲ್ಲಿ? ಲಕೋಟೆ ಒಡದು, ಒಳಗಿನ ಕರೆಂಟ್ ಬಿಲ್ ತಗೊಂಡು, ನಿನ್ನ ಮುಂದ ಈ ಕುರ್ಚಿ ಮ್ಯಾಲೆ ಕುಂತಿದ್ಲಾ? ಮಕ್ಕಳಿಗೆ ಟ್ಯೂಶನ್ ಹೇಳಿದ ರೊಕ್ಕ ಕೊಟ್ಲೇನು? ಮತ್ತ ನೀ... ಗಿರಿಯಪ್ಪನ ಶೇಂಗಾದಿಂದ ಹಿಡಿದು ಎಲ್ಲಾ ಕೇಳ್ಕೋತ ಕುಂತಿಯಲ್ಲೋ.

ಬಾಯಿ ಬಿಡಂಗಿಲ್ಲ ಅಂತ ಮಾತು ಇಸ್ಕೊಂಡಾಳ. ಗೊತ್ತಾತು. ಹೇಳಬ್ಯಾಡ ಬಿಡು.

ಹೋದ ರವಿವಾರ ನಮ್ಮ ಓಣಿ ಕುಲಸುಮಬಿ ಮನಿ ಶಾದಿ ಇತ್ತು. ಊಟದ ಹೊತ್ತಿಗೆ ಎಲ್ಲಾರೂ ಅಕಿನ್ನ ಕೇಳಾಕತ್ತಿದ್ರು, ಎಲ್ಲಾ ಆತೇನವಾ, ಯಾರು ಕಟ್ಟಿದ್ರು ಇಷ್ಟೆಲ್ಲಾ ಅಂತ. 'ಕಡೀ ಫೀ ನಮ್ಮ ಅಬ್ಬಾ ಕಟ್ಟಿದ್ರು' ಅಂದ್ಲು. ಅಷ್ಟ ಮಂದ್ಯಾಗ, ನನ್ನ ಮಾರಿ ನೋಡ್ಕೋತ. ಮಂದಿ ನನ್ನ ಬೆನ್ನು ತಟ್ಟಿದ್ರು. ನಾ ತಟ್ಟಿಸ್ಕೊಂಡು ಕುಂತಿದ್ನಿ ಫಕ್ಕೀರೇಶ, ಇನ್ನೊಂದ ತುತ್ತು ಬಿರಿಯಾನಿ ಹಾಕಿಸ್ಕೊಂಡು.

ಉಪ್ಪಿಗೆ ಬೈತಿದ್ಲು. ಎಣ್ಣಿ ಕಮಟಾದ್ರ ಬೈತಿದ್ಲು. ತಲಿಗೆ ಟೋಪಿ ಸೊಟ್ಟ ಇಟ್ಕೊಂಡ್ರೂ ಬೈತಿದ್ಲು.

ಇದಕ್ಕ ಒಂದ ಮಾತು ಬೈಲಿಲ್ಲಲ್ಲೋ.