ದಂತವೈದ್ಯರು ಹಂಚಿದ ಚಾಕು

ಹೇಳಿಕೆ ಕೊಡುತ್ತಿರುವವನ ವಿವರ: ವಯಸ್ಸು ಅರವತ್ತೊಂದು. ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ, ಈಗ ನಿವೃತ್ತ. ವಾಸ ಹಳೆಯ ಮುದ್ರಣಾಲಯದ ಹಿಂದಿನ ಬೀದಿ, ಪುಸ್ತಕ ಬೈಂಡಿಂಗ್ ಅಂಗಡಿಯ ಮೇಲ್ಮಹಡಿ. ಅಂಗಡಿ ನನ್ನ ಪತ್ನಿಯದು.

ಈ ಮೂಲಕ ಠಾಣಾಧಿಕಾರಿಗಳ ಗಮನಕ್ಕೆ ತರುವುದೇನೆಂದರೆ, ಕಳೆದ ಭಾನುವಾರ ಸಂಜೆ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನಮ್ಮ ಚಾರಣ ಬಳಗದ ಕಾರ್ಯದರ್ಶಿಯವರು, ನನ್ನ ಪತ್ನಿಯ ಬಲಗೈ ತೋರುಬೆರಳನ್ನು ಕೊಯ್ದದ್ದು ನನ್ನ ಚಾಕು ಎಂದು ಕರ್ತವ್ಯದಲ್ಲಿದ್ದ ಕಾನ್‌ಸ್ಟೆಬಲ್‌ಗೆ ಹೇಳಿದರು. ಅದು ಸುಳ್ಳು. ಸುಳ್ಳೆಂದು ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬರು, ಬಳಗದ ಸದಸ್ಯರಾದ ದಂತವೈದ್ಯರು, ಪಕ್ಕದಲ್ಲೇ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಮಾತಿನಿಂದಾಗಿ ಹೆಂಡತಿಯ ಮೇಲೆ ಕೈಮಾಡಿದವನೆಂಬ ಅನುಮಾನ ನನ್ನ ಮೇಲೆ ಬಿದ್ದಿದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಮ್ಮ ಬಳಗದಲ್ಲಿ ಒಂದು ರೂಢಿ ಇದೆ. ಚಾರಣಕ್ಕೆ ಮೊದಲು ಬರುವ ಗುರುವಾರ ಎಲ್ಲರೂ ಬಳಗದ ಕೊಠಡಿಗೆ ಬಂದು ತಮ್ಮ ತಮ್ಮ ಚಾಕುಗಳನ್ನು ಮೇಜಿನ ಮೇಲೆ ಇಡಬೇಕು. ಮಡಿಚುವ ಚಾಕುಗಳನ್ನು ಪೂರ್ತಿ ಬಿಚ್ಚಿ, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಬಡಿದು ನೋಡುತ್ತೇವೆ. ಅಲಗನ್ನು ಹಿಡಿದಿಡುವ ಲಾಕ್ ಬಿಟ್ಟು ಅದು ಮಡಿಚಿಕೊಂಡರೆ ಆ ಚಾಕು ಬೆಟ್ಟ ಹತ್ತುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಸದಸ್ಯರಾಗಿದ್ದ ದರ್ಜಿಯೊಬ್ಬರ ಹೆಬ್ಬೆರಳು ಹೀಗೇ ಕೊಯ್ದುಹೋದ ಮೇಲೆ ಈ ರೂಢಿ ಬಂತು. ಇದು ಬಳಗದ ಉಳಿದವರಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ಅಂದಿನಿಂದ ಬಡಿದು ನೋಡುವ ಕೆಲಸ ನನ್ನದಾಗಿತ್ತು. ಬಳಗದವರು ನನ್ನನ್ನು ಅಲ್ಪವಿರಾಮ ಎಂದು ಕರೆಯುತ್ತಾರೆ, ಎಲ್ಲದಕ್ಕೂ ಅಡ್ಡ ಬಂದು ಒಂದು ಗಳಿಗೆ ನಿಲ್ಲಿಸುತ್ತೇನೆ ಎಂಬ ಅರ್ಥದಲ್ಲಿ. ನಾನು ಬೇಸರಪಟ್ಟಿಲ್ಲ.

ದಂತವೈದ್ಯರು ಬಳಗಕ್ಕೆ ಸೇರಿದ್ದು ಈ ವರ್ಷದ ಆರಂಭದಲ್ಲಿ. ನನ್ನ ಪತ್ನಿ ಸೇರಿದ್ದೂ ಆಗಲೇ. ಇಪ್ಪತ್ತು ವರ್ಷ ನಾನು ಕರೆದಾಗ ಮಂಡಿ ನೋವು ಎಂದವಳು, ಇವರ ಬಳಿ ಹಲ್ಲು ತೋರಿಸಲು ಹೋಗಿ ಬಂದ ವಾರವೇ ಬೂಟು ಕೊಂಡಳು. ಕೇಳಿದ್ದಕ್ಕೆ, ಬೆಟ್ಟ ಹತ್ತಿದರೆ ಮಂಡಿ ಗಟ್ಟಿಯಾಗುತ್ತದೆಂದು ಡಾಕ್ಟರ್ ಹೇಳಿದರು ಎಂದಳು. ಹಲ್ಲಿನ ಡಾಕ್ಟರಿಗೂ ಮಂಡಿಗೂ ಏನು ಸಂಬಂಧ ಎಂದು ಕೇಳಿದೆ. ಅವಳು ಬೂಟಿನ ದಾರ ಬಿಗಿದು ಕಟ್ಟಿದಳು.

ಅವಳಿಗೊಂದು ಚಾಕು ಬೇಕಿತ್ತು. ಅದನ್ನು ಆರಿಸಲು ನಾನು ಹಾರ್ಡ್‌ವೇರ್ ಅಂಗಡಿಗೆ ಮೂರು ಸಲ ಹೋದೆ. ಅವಳು ಪುಸ್ತಕಗಳಿಗೆ ತೂತು ಹಾಕುವ ಮರದ ಹಿಡಿಯ ದಬ್ಬಣವನ್ನು ಕೇಳದೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಆ ಹಿಡಿಯಷ್ಟೇ ದಪ್ಪದ ಹಿಡಿ ಹುಡುಕಿದೆ. ಅಷ್ಟು ವರ್ಷ ಹಿಡಿದ ಅಳತೆಗೆ ಅವಳ ಅಂಗೈ ಒಗ್ಗಿಹೋಗಿದೆ. ಅಲಗು ಅವಳ ನಾಲ್ಕು ಬೆರಳಿನ ಅಗಲದಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಉದ್ದದ್ದು ಬೆಟ್ಟದಲ್ಲಿ ಬರೀ ಶೋಕಿ. ತುಕ್ಕು ಹಿಡಿಯದ ಸ್ಟೀಲು ಬೇಕು, ಏಕೆಂದರೆ ಅವಳು ಒರೆಸಿಡುವುದಿಲ್ಲ. ಮಡಿಚುವಂಥದ್ದು ಬೇಡ. ಒರೆಯನ್ನು ತಲೆಕೆಳಗು ಮಾಡಿ ಅಲುಗಾಡಿಸಿದರೂ ಚಾಕು ಜಾರಬಾರದು. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡುತ್ತೇನೆಂದು ನೀರು ಕೇಳಿದಾಗ ಅಂಗಡಿಯವರು, "ಏನ್ ಸಾರ್, ಚಾಕು ತಗೊಳ್ತೀರೋ, ಸಂದರ್ಶನ ಮಾಡ್ತೀರೋ?" ಎಂದರು. ಕೊನೆಗೆ ಒಂದು ಸಿಕ್ಕಿತು. ಹಿಡಿ ಕೂದಲೆಳೆಯಷ್ಟು ಹೆಚ್ಚು ದಪ್ಪವಿತ್ತು, ಮನೆಯಲ್ಲಿ ಮರಳು ಕಾಗದದಿಂದ ಉಜ್ಜಿ ಸರಿ ಮಾಡಿದೆ. ಅವಳು ಕೈಯಲ್ಲಿ ಹಿಡಿದು, "ಚೆನ್ನಾಗಿದೆ ರೀ" ಎಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಳು.

ಕಳೆದ ಗುರುವಾರ ಸಂಜೆ ಆರು ಗಂಟೆಗೆ ಬಳಗದ ಕೊಠಡಿಯಲ್ಲಿ ದಂತವೈದ್ಯರು ಎಲ್ಲರಿಗೂ ಒಂದೊಂದು ಮಡಿಚುವ ಚಾಕು ಉಡುಗೊರೆಯಾಗಿ ಹಂಚಿದರು. ಎಲ್ಲವೂ ಒಂದೇ ನಮೂನೆ, ನೀಲಿ ಹಿಡಿ. ಜೊತೆಗೆ ಚಾರಣಕ್ಕೆ ಎಂಥ ಚಾಕು ಒಯ್ಯಬೇಕೆಂದು ಕಾಲು ಗಂಟೆ ಮಾತಾಡಿದರು. ಹಗುರವಿರಬೇಕು, ಜೇಬಿನಲ್ಲಿ ಕೂರಬೇಕು, ನೋಡಲು ಚೆಂದವಿರಬೇಕು ಎಂದರು. ಅದನ್ನು ಹಿಡಿಯುವ ಕೈಯ ಬಗ್ಗೆ ಒಂದು ಮಾತೂ ಬರಲಿಲ್ಲ. ನಾನು ಎದ್ದು, ಬಡಿದು ನೋಡೋಣ ಎಂದೆ. ಕಾರ್ಯದರ್ಶಿಯವರು ನನ್ನ ತೋಳು ಹಿಡಿದು, "ಅಯ್ಯೋ ಬಿಡಿ ಸಾರ್, ಪ್ರೀತಿಯಿಂದ ಕೊಟ್ಟಿದ್ದನ್ನ ಅವರ ಎದುರಿಗೇ ಬಡಿಯೋದಾ? ಚೆನ್ನಾಗಿರಲ್ಲ" ಎಂದರು. ದಂತವೈದ್ಯರು ನಗುತ್ತಾ, "ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸಬಾರ್ದು ಸಾರ್. ಹಲ್ಲು ಎಣಿಸೋ ಕೆಲಸ ನಂದು" ಎಂದರು. ಕೊಠಡಿಯೆಲ್ಲ ನಕ್ಕಿತು. ನನ್ನ ಪತ್ನಿ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೆ ನಗುವುದು ಅವಳಿಗೆ ಇನ್ನೂ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಾಕುಗಳನ್ನು ಬಡಿದು ನೋಡದೆ ಸಭೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತ ಮೇಲೆ, ನಾನು ಕೊಟ್ಟ ಚಾಕು ಎಲ್ಲಿ ಎಂದು ಅವಳನ್ನು ಕೇಳಿದೆ. "ಭಾರ ರೀ ಅದು. ಚಾಕು ಥರ ಇಲ್ಲ, ಜೊತೆಗೆ ಕಾವಲುಗಾರನ್ನ ಕಳಿಸಿದ ಹಾಗಿದೆ" ಎಂದಳು. ನಾನು ಅದನ್ನು ಡ್ರಾಯರಿನಿಂದ ತೆಗೆದು ನನ್ನ ಚೀಲದಲ್ಲಿ ತಂದಿರುವುದಾಗಿ ಹೇಳಿದೆ. "ತಂದಿದ್ದೀರಲ್ಲ, ನೀವೇ ಹೊತ್ಕೊಳ್ಳಿ" ಎಂದಳು. ನನ್ನ ದನಿ ಏರಿತು. ಮುಂದಿನ ಸೀಟಿನಲ್ಲಿದ್ದ ಕಾರ್ಯದರ್ಶಿಯವರು ತಿರುಗಿ ನೋಡಿದರು. ಅವರು ಕಾನ್‌ಸ್ಟೆಬಲ್‌ಗೆ ಹೇಳಿರುವ ಬೆಳಗಿನ ಜಗಳ ಇಷ್ಟೇ.

ಮಧ್ಯಾಹ್ನ ಸುಮಾರು ಒಂದು ಗಂಟೆಗೆ ನಾವು ತುದಿಯ ಕೆಳಗಿನ ಅಗಲವಾದ ಬಂಡೆ ತಲುಪಿದೆವು. ಕಾರ್ಯದರ್ಶಿ ಮತ್ತು ಉಳಿದವರೆಲ್ಲ ಬಾಟಲಿಗಳಿಗೆ ನೀರು ತುಂಬಲು ಕೆಳಗಿನ ತೊರೆಗೆ ಹೋದರು. ಬಂಡೆಯ ಮೇಲೆ ಉಳಿದವರು ಮೂವರು: ನನ್ನ ಪತ್ನಿ, ದಂತವೈದ್ಯರು, ಅವರಿಂದ ಎಂಟು ಅಡಿ ದೂರದಲ್ಲಿ ನಾನು. ದಂತವೈದ್ಯರು ತಮ್ಮ ಚೀಲದ ಸೊಂಟದ ಚರ್ಮದ ಪಟ್ಟಿ ಸಡಿಲವಾಗಿದೆ, ಇನ್ನೊಂದು ತೂತು ಬೇಕು ಎಂದರು. "ನಿಮ್ಮ ಜೊತೆ ನಡೆದೂ ನಡೆದೂ ಹೊಟ್ಟೆ ಕರಗಿಹೋಯ್ತು ಮೇಡಂ" ಎಂದರು. ನನ್ನ ಪತ್ನಿ, "ತೂತು ಹಾಕೋದು ನನ್ನ ಕಸುಬು, ಕೊಡಿ ಇಲ್ಲಿ" ಎಂದಳು. ನಾನು ನನ್ನ ಚೀಲದಿಂದ ಅವಳ ಚಾಕು ತೆಗೆದು, ಒರೆಯಿಂದ ಹೊರಗೆಳೆದು, ಹತ್ತಿರ ಹೋಗಿ ಹಿಡಿಯನ್ನು ಅವಳ ಕಡೆಗೆ ಮಾಡಿ ಚಾಚಿದೆ. ಅವಳು, "ಇರಲಿ ರೀ, ಅವರದ್ದೇ ಪಟ್ಟಿ, ಅವರದ್ದೇ ಚಾಕು" ಎಂದು ನೀಲಿ ಹಿಡಿಯದನ್ನು ಬಿಚ್ಚಿದಳು.

ಪಟ್ಟಿಯನ್ನು ಬಂಡೆಯ ಮೇಲೆ ಹಾಸಿ, ತುದಿ ಊರಿ, ಅಂಗಡಿಯಲ್ಲಿ ದಬ್ಬಣ ಊರುವ ಹಾಗೇ ಅಂಗೈ ಭಾರ ಹಾಕಿ ತಿರುಗಿಸಿದಳು. ದಬ್ಬಣ ಮಡಿಚಿಕೊಳ್ಳುವುದಿಲ್ಲ. ಅವಳ ಕೈಗೆ ಅದೊಂದೇ ಗೊತ್ತು. ಲಾಕ್ ಬಿಟ್ಟಿತು. ಅಲಗು ಹಿಂದಕ್ಕೆ ಮಡಿಚಿಕೊಂಡು ತೋರುಬೆರಳಿನ ಒಳಮಗ್ಗುಲಿಗೆ ಕೂತಿತು. ಅವಳು ಬೆರಳನ್ನೇ ನೋಡುತ್ತಾ, "ಬಗ್ಗಿಸಕ್ಕೆ ಆಗ್ತಿಲ್ಲ" ಎಂದಳು.

ನಾನು ಕೈಯಲ್ಲಿದ್ದ ಚಾಕುವಿನಿಂದಲೇ ನನ್ನ ಅಂಗಿಯ ತೋಳು ಕತ್ತರಿಸಿ ಅವಳ ಬೆರಳಿಗೆ ಬಿಗಿಯಾಗಿ ಕಟ್ಟಿದೆ. ನನ್ನ ಅಲಗಿಗೆ ರಕ್ತ ಹತ್ತಿದ್ದು ಆಗ. ಕಾರ್ಯದರ್ಶಿಯವರು ತೊರೆಯಿಂದ ಮೇಲೆ ಬಂದದ್ದೂ ಆಗ. ಅವರು ಕಂಡದ್ದು ನನ್ನ ಕೈಯ ಚಾಕು ಮತ್ತು ಅವಳ ಕೈಯ ರಕ್ತ. ಅದಕ್ಕೂ ಮೊದಲೇ ದಂತವೈದ್ಯರು ನೀಲಿ ಹಿಡಿಯ ಚಾಕುವನ್ನು ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರಿನಲ್ಲಿ ತೊಳೆದು, ಮಡಿಚಿ, "ಇದು ನನ್ನ ಹತ್ರ ಇರಲಿ" ಎಂದು ಜೇಬಿಗೆ ಹಾಕಿಕೊಂಡಿದ್ದರು. ಆಮೇಲೆ ಅದನ್ನು ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲಿ ಸ್ನಾಯುವಿನ ಎಳೆ ಕೂಡಿಸಿ ಹೊಲಿಗೆ ಹಾಕಿದ್ದಾರೆ. ಅವಳು ಮತ್ತೆ ಸೂಜಿ ಹಿಡಿಯಬಲ್ಲಳೇ ಎಂದು ಈಗಲೇ ಹೇಳಲಾಗದಂತೆ. ಅಂಗಡಿಯಲ್ಲಿ ಅರ್ಧ ಹೊಲಿದ ಪುಸ್ತಕಗಳು ಹಾಗೇ ಬಿದ್ದಿವೆ.

ಹೇಗಾಯಿತೆಂದು ಕಾನ್‌ಸ್ಟೆಬಲ್ ಕೇಳಿದಾಗ ಅವಳು, "ಕೈ ಜಾರಿತು" ಎಂದಷ್ಟೇ ಹೇಳಿದಳು. ಯಾರ ಚಾಕು ಎಂದು ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ವಾರ್ಡಿನಲ್ಲಿ, ಏಕೆ ಹೇಳಲಿಲ್ಲವೆಂದು ನಾನು ಕೇಳಿದೆ. ಸತ್ಯ ಹೇಳಲು ಕೂತವನು ಅರ್ಧ ಹೇಳಬಾರದು, ಆದ್ದರಿಂದ ಅವಳ ಉತ್ತರವನ್ನೂ ಬರೆಸುತ್ತೇನೆ. "ಹೇಳಿದ್ರೆ ನೀವು ಗೆದ್ದ ಹಾಗೆ ರೀ. ನನ್ನ ಬೆರಳು ಹೋಗಿದ್ದಕ್ಕೆ ನಿಮ್ಮ ಮುಖ ಅರಳೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ" ಎಂದು ಗೋಡೆಯ ಕಡೆಗೆ ತಿರುಗಿದಳು.

ನನಗೆ ದಂತವೈದ್ಯರನ್ನು ಕಂಡರೆ ಹೊಟ್ಟೆಕಿಚ್ಚು ಎಂದೂ ಕಾರ್ಯದರ್ಶಿಯವರು ಬರೆಸಿದ್ದಾರಂತೆ. ಅದು ನಿಜ. ಅದಕ್ಕೆ ಸಾಕ್ಷಿ ಬೇಕಿಲ್ಲ, ನಾನೇ ಒಪ್ಪುತ್ತೇನೆ. ಆದರೆ ನನ್ನ ಹೊಟ್ಟೆಕಿಚ್ಚಿಗೆ ಇನ್ನೊಬ್ಬರ ಚಾಕುವಿನ ಲಾಕ್ ಸಡಿಲವಾಗುವುದಿಲ್ಲ. ಅದೇ ನಮೂನೆಯ ಚಾಕುಗಳು ಬಳಗದ ಉಳಿದವರ ಜೇಬುಗಳಲ್ಲಿ ಇನ್ನೂ ಇವೆ. ಅವನ್ನು ವಶಕ್ಕೆ ತೆಗೆದುಕೊಳ್ಳದಿದ್ದರೆ ಮುಂದಿನ ಬೆರಳು ಯಾರದ್ದೋ ಗೊತ್ತಿಲ್ಲ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನೂ ಎರಡು ಸಲ ಓದಿದ್ದೇನೆ, ಒಂದಕ್ಷರವನ್ನೂ ತಿದ್ದಿಲ್ಲ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಹೇಳಿದ್ದೇನೆ. ನನ್ನ ಪತ್ನಿಗೆ ನಾನು ಕೊಡಬೇಕಾದ ಉತ್ತರವನ್ನು ಮನೆಯಲ್ಲಿ ಕೊಡುತ್ತೇನೆ, ಅದು ಠಾಣೆಗೆ ಸೇರಿದ್ದಲ್ಲ. ದಂತವೈದ್ಯರ ಉತ್ತರ ಮಾತ್ರ ಎಲ್ಲರಿಗೂ ಸೇರಿದ್ದು. ಬರುವ ಗುರುವಾರ ಸಂಜೆ ಆರಕ್ಕೆ, ಬಳಗದ ಕೊಠಡಿಯಲ್ಲಿ, ತಮ್ಮ ಮಾತಿಗೆ ನಕ್ಕ ಅಷ್ಟೂ ಜನರ ಮುಂದೆ ಎದ್ದು ನಿಂತು, ಬಂಡೆಯ ಮೇಲೆ ನನ್ನ ಪತ್ನಿಯ ಕೈಯಲ್ಲಿದ್ದದ್ದು ಯಾರು ಕೊಟ್ಟ ಚಾಕು ಎಂದು ಅವರು ಬಾಯಿಬಿಟ್ಟು ಹೇಳಬೇಕು.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನ: ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ
(ಸಹಿ) ಹೇಳಿಕೆ ಕೊಟ್ಟವನು