ಎಡಗಡೆಯ ಸ್ಪೀಕರ್

ಸಾವಿನ ಮನೆಯ ಅಳುವನ್ನು ಟೇಪಿಗೆ ಹಿಡಿಯಬಾರದು. ಇದಕ್ಕೆ ಶಾಸ್ತ್ರ ಬೇಕಿಲ್ಲ, ನಾಚಿಕೆ ಇದ್ದರೆ ಸಾಕು. ತೊಂಬತ್ತೇಳರಲ್ಲಿ ಕಲಬುರಗಿಯ ಮೂವರು ಇದನ್ನು ಮುರಿದರು. ಮೂವರೂ ನಾಲ್ಕಕ್ಷರ ಬಲ್ಲವರೇ. ಅವರಲ್ಲಿ ಇನಾಯತ್ ಒಬ್ಬ.

ಇನಾಯತನದು ನೆಹರು ಗಂಜಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಆ ರಾತ್ರಿ ಹನ್ನೊಂದು ದಾಟಿತ್ತು. ಬ್ರಹ್ಮಪುರದ ಹಾಳುಬಾವಿಯ ಪಕ್ಕ ಮನೆಗೆ ನಡೆದಿದ್ದ. ಬಾವಿಯೊಳಗೆ ಏನೋ ಬಿತ್ತು... ಡುಬಕ್. ಕಲ್ಲಿರಬೇಕು. ಕಟ್ಟೆಯ ಮೇಲೆ ಹಾಡಿನ ಕ್ಯಾಸೆಟ್ ಮಾಡಿ ಮಾರುವ ಗೋಪಾಲ ಕೂತಿದ್ದ. ಕೈಯಲ್ಲಿ ಮಿರ್ಚಿ ಭಜಿ. ಪೇಪರು, ಬೆರಳು, ಮೀಸೆ ಎಲ್ಲ ಎಣ್ಣೆ.

"ಸ್ಪೀಕರ್ ಬಂದಾವ," ಎಂದು ಪಿಸುಗುಟ್ಟಿದ.

"ನಾಳಿಗಿ ನೋಡೂಣ್ರಿ."

"ಈಗೇ ಬಾ. ಹಗಲಿ ಆಟೋ ಗದ್ದಲದಾಗ ಏನ್ ಕೇಳಸ್ತದ? ಮುಕುಂದ ಕಾಯಲಾಕತ್ತಾನ."

ಮುಕುಂದ ಗೋಪಾಲನ ಚಿಕ್ಕಪ್ಪನ ಮಗ, ಬ್ಯಾಂಕಿನಲ್ಲಿ ಕ್ಲರ್ಕ್. ಮನೆಯ ಹಿಂದಿನ ಕೋಣೆಯ ಗೋಡೆಗೆ ಹಳೆ ಗಾದಿ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಅಲ್ಲಿಯವರೆಗೆ ಅವನು ತಾನು ಹಿಡಿದ ಹಾಡು ಕೇಳುತ್ತಿದ್ದದ್ದು ಮನೆಯ ಸ್ಟಿರಿಯೋದಲ್ಲೇ. ಬೇಡ ಅಂದವನು ಇನಾಯತನೇ. "ಮನಿ ಸ್ಟಿರಿಯೋ ಹೊಗಳಭಟ್ಟ ಇದ್ದಂಗ್ರಿ, ಎಲ್ಲಾ ಚಂದ ಮಾಡಿ ಕೇಳಸ್ತದ. ಸ್ಟುಡಿಯೋ ಸ್ಪೀಕರ್ ತಗೋರಿ. ಇದ್ದದ್ದು ಇದ್ದಂಗ ಹೇಳ್ತದ." ಹಾಗಾಗಿ ಮುಕುಂದ ಹೈದರಾಬಾದಿನಲ್ಲಿ ಮುಚ್ಚಿದ ಸ್ಟುಡಿಯೋ ಒಂದರಿಂದ ಜೋಡಿ ತರಿಸಿದ್ದ. ತಮ್ಮದೇ ಕರೆಂಟಿಲ್ಲದ ಸ್ಪೀಕರುಗಳು. ಆಂಪ್ಲಿಫೈಯರಿನ ತಂತಿ ಜೋಡಿಸಿದರೆ ದನಿ. ಬಿಚ್ಚಿದರೆ ಬರೀ ಕಟ್ಟಿಗೆಯ ಡಬ್ಬಿ.

ಇನಾಯತ್ ಬೆನ್ನಿನ ಚೀಟಿ ಓದಿದ. ಎಂಟು ಓಮ್. ಆಂಪ್ಲಿಫೈಯರಿಗೆ ಒಪ್ಪುತ್ತದೆ. ಸ್ವಿಚ್ ಆರಿಸಿಯೇ ತಂತಿ ಮುಟ್ಟಿದ. ಕೆಂಪಿಗೆ ಕೆಂಪು, ಕರಿಗೆ ಕರಿ. ಎಳೆಗಳು ಒಂದಕ್ಕೊಂದು ತಾಗದಂತೆ ಬಿಗಿಯಾಗಿ ಹೊಸೆದ. ಎರಡನ್ನೂ ಕಿವಿಯ ಎತ್ತರಕ್ಕೆ ಮೇಜಿನ ಮೇಲೆ ಇಟ್ಟ.

"ಈಗ ಒಂದೇ ಮೈಕಿನಾಗ ಹಿಡದ ದನಿ ಹಾಕ್ರಿ. ಎರಡರ ನಟ್ಟನಡುವ ನಿಂತ್ರ ಜೋಡಣಿ ಬರೋಬ್ಬರ್."

ಗೋಪಾಲ ಎಣ್ಣೆ ಬೆರಳನ್ನು ಪ್ಯಾಂಟಿಗೆ ಒರೆಸಿ ಒಂದು ಕ್ಯಾಸೆಟ್ ತೆಗೆದ. ಟೇಪಿಗೆ ಹಾಕಿ, ಶುರುವಿನತನಕ ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದ. ಟಕ್.

ಯಾವ ಕ್ಯಾಸೆಟ್ ಎಂದು ಇನಾಯತನಿಗೆ ಗೊತ್ತಿತ್ತು. ಇಪ್ಪತ್ತು ದಿನದ ಹಿಂದೆ ಕಮಲಾಪುರದಲ್ಲಿ ಬಾಳೆಗೊನೆ ಹೇರುವ ತುಕಾರಾಮ ಹಾವು ಕಡಿದು ಸತ್ತಿದ್ದ. ತಾಯಿ ಹಣಮಮ್ಮನಿಗೆ ಅವನೊಬ್ಬನೇ. ಹೆಣದ ಮುಂದೆ ರಾತ್ರಿಯಿಡೀ ಭಜನೆ, ಮೈಕು ಇನಾಯತನದು. ಹಳ್ಳಿಯ ಹಾಡು ಹುಡುಕುತ್ತೇನೆಂದು ಗೋಪಾಲನೂ ಜೊತೆಗೆ ಬಂದಿದ್ದ. ನಸುಕಿನಲ್ಲಿ ಭಜನೆ ನಿಂತು ಹಣಮಮ್ಮ ಹಾಡಿಕೊಂಡು ಅಳಲು ಶುರುಮಾಡಿದಾಗ ಮೈಕು ತೆರೆದೇ ಇತ್ತು. ಗೋಪಾಲ ಸದ್ದಿಲ್ಲದೆ ಟೇಪ್ ರೆಕಾರ್ಡರಿನ ತಂತಿ ಸಿಕ್ಕಿಸಿದ. ಇನಾಯತ್ ನೋಡಿದ. ನೋಡಿ, ಆ ಕಡೆ ತಿರುಗಿ ಚಹಾ ಕುಡಿದ.

ಸ್‌ಸ್‌ಸ್... ಎಂದು ಟೇಪಿನ ಸದ್ದು. ದೂರದಲ್ಲಿ ಕೋಳಿ. ಆಮೇಲೆ ಹಣಮಮ್ಮ. "ಏಳೋ ತುಕಾರಾಮ... ಹೊತ್ತು ಹೊಂಟದ ಏಳೋ ನನ ಮಗನ..." ದನಿ ನಟ್ಟನಡುವೆ ನಿಂತಿತು.

"ವಾಹ್! ಮುದುಕಿ ಎದುರಿಗೇ ಕುಂತಂಗದ," ಎಂದ ಮುಕುಂದ.

"ಇದಕ್ಕ ತಬಲಾ, ಒಂದು ಕೊಳಲು. 'ಕಮಲಾಪುರದ ಕಣ್ಣೀರು'. ಹೆಸರು ಹ್ಯಾಂಗದ?" ಗೋಪಾಲ ಬೆರಳು ಚೀಪಿದ.

ಇನಾಯತ್ ಗೋಪಾಲನ ಕಡೆ ತಿರುಗಿದ. "ಆಕಿಗಿ ಕೇಳೀರೇನ್ರಿ?"

"ಕೂಲಿ ಮುದುಕಿಗಿ ಏನಂತ ಕೇಳೂದು? ಆಕಿ ಮನ್ಯಾಗ ಟೇಪ್ ಎಲ್ಲದ? ಮತ್ತ ನೀ ಯಾವಾಗಿಂದ ಸಾಚಾ ಆದಿ? ಅವತ್ತು ಮಾರಿ ತಿರುವಿ ಚಹಾ ಕುಡದವ ಯಾರೋ?"

ಅದು ಸುಳ್ಳಾಗಿರಲಿಲ್ಲ.

ಅಳು ಹತ್ತು ನಿಮಿಷ ನಡೆಯಿತು. "ಏಳೋ ತುಕಾರಾಮ..."

"ಬಂದೆ ಯವ್ವಾ."

ಎಡಗಡೆಯಿಂದ. ಮೇಜಿನ ಎತ್ತರದಿಂದಲ್ಲ... ನೆಲದ ಹತ್ತಿರದಿಂದ. ಈಗಷ್ಟೇ ಎಚ್ಚರಾದವನ ಒಣಗಿದ ಗಂಟಲು.

ಒಂದೇ ಮೈಕಿನ ದನಿ ಒಂದು ಪಕ್ಕಕ್ಕೆ ಸರಿಯುವುದಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಇನಾಯತ್ ಅದನ್ನು ಕಂಡಿರಲಿಲ್ಲ. ಆಂಪ್ಲಿಫೈಯರ್ ಆರಿಸಿದ. ಟಿಕ್. ಕೆಂಪು ದೀಪ ಹೋಯಿತು. ಹಣಮಮ್ಮನ ದನಿ ನಿಂತಿತು. ಎಡ ಸ್ಪೀಕರಿನ ತಿರುಪು ಸಡಿಲಿಸಿ ಎರಡೂ ತಂತಿ ಬಿಚ್ಚಿ ಮುಷ್ಟಿಯಲ್ಲಿ ಹಿಡಿದ. ಈಗ ಅದು ಬರೀ ಕಟ್ಟಿಗೆ.

ಕರ್‌ರ್... ಸ್ಪೀಕರಿನೊಳಗಿನ ಒಣ ಕಾಗದ ಮಿಸುಕಿದ ಸದ್ದು.

"ಬಂದೆ ಯವ್ವಾ."

ಮುಕುಂದ ಬಾಗಿಲಿಗೆ ಸರಿದ. ಗೋಪಾಲ ಗೋಡೆಗೆ ಒರಗಿದ. ಅವನ ಮುಖದ ಮೇಲೆ ಬೆವರು... ಆಮೇಲೆ ಆ ಬೆವರಿನಲ್ಲೇ ಕಣ್ಣು ಹೊಳೆದವು.

"ಮೈಕ್... ಮೈಕ್ ಹಿಡಿ ಇನಾಯತ್. ಇಂಥಾದ್ದು ಯಾವ ಕಂಪನಿ ಕಡೀನೂ ಇಲ್ಲ!"

"ಹಿಡೀರಿ ಭಾಯಿ," ಎಂದ ಮುಕುಂದನೂ, ಬಾಗಿಲ ಬಳಿಯಿಂದಲೇ. "ಒಂದೇ ಸಲ. ಬಿ ಸೈಡಿಗಿ ಆಗ್ತದ."

ಇನಾಯತನ ಭಯ ಅಲ್ಲಿಗೇ ಮುಗಿಯಿತು. ಉಳಿದದ್ದು ಹೇಸಿಗೆ. ತಾಯಿ ಕರೆದರೆ ಓಗೊಡಬೇಕೆಂಬ ಬುದ್ಧಿ ಸತ್ತವನಿಗಿತ್ತು. ಬದುಕಿದ್ದ ಇವರಿಗೆ ಅದು ಬಿ ಸೈಡು.

"ನಾ ಹಿಡಿಯಂಗಿಲ್ರಿ."

ಕ್ಯಾಸೆಟ್ ಕಿತ್ತುಕೊಂಡ. ಗೋಪಾಲ ಮುಂಗೈ ಹಿಡಿದ. ಎಣ್ಣೆಗೆ ಕೈ ಜಾರಿತು. ಹೊರಬಂದು ಅಂಗಳದ ದೀಪದಲ್ಲಿ ಇನಾಯತ್ ಕ್ಯಾಸೆಟ್ಟಿನ ಕಿಂಡಿ ನೋಡಿದ. ಹತ್ತು ನಿಮಿಷ ಕೇಳಿದ್ದರು... ಟೇಪು ಇನ್ನೂ ಶುರುವಿನಲ್ಲೇ ಇತ್ತು, ಒಂದು ಸುತ್ತೂ ಸರಿದಿರಲಿಲ್ಲ.

ಕಟ್ಟುಕತೆ ಅನ್ನುವವರು ಇದ್ದಾರೆ. ಅನ್ನಲಿ. ಮುಕುಂದನ ತಾಯಿ ಅನಸೂಯಾಬಾಯಿ ಪಕ್ಕದ ಕೋಣೆಯಲ್ಲಿ ಎಚ್ಚರಿದ್ದರು. ಆ ರಾತ್ರಿ ಕೇಳಿದ್ದು ನಾಲ್ಕು ಗಂಡಸರ ದನಿ ಎಂದು ಸಾಯುವತನಕ ಹೇಳಿದರು. ಸುಳ್ಳಾಡುವ ಹೆಂಗಸಲ್ಲ.

ಮೊದಲ ಬಸ್ಸಿಗೆ ಇನಾಯತ್ ಕಮಲಾಪುರಕ್ಕೆ ಹೋದ. ಹಣಮಮ್ಮ ಅಂಗಳ ಗುಡಿಸುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಅವಳ ಅಂಗೈಗೆ ಇಟ್ಟ.

"ಯವ್ವಾ, ನಿನ್ನ ಅಳು ಕದ್ದಿದ್ವಿ. ಕದ್ದವರಾಗ ನಾನೂ ಒಬ್ಬವ."

ಅವಳು ಏನೆನ್ನುತ್ತಾಳೋ ಅದನ್ನು ಕೇಳಿಯೇ ಹೋಗಬೇಕೆಂದು, ತಲೆ ತಗ್ಗಿಸಿ ಅಂಗಳದಲ್ಲೇ ನಿಂತ.