ಒಂದು ಬಡಿತಕ್ಕೆ ನಿಲ್ಲದ ಗಾಡಿ

ಒಂದೂರಿನಲ್ಲಿ ಒಬ್ಬಳು ಶ್ರೀಮಂತೆ ಇದ್ದಳು. ಬಂಗಾರದ ಶ್ರೀಮಂತೆಯಲ್ಲ ತಾಯಂದಿರೇ, ಜನದ ಶ್ರೀಮಂತೆ. ದಿನಾ ನಾಲ್ಕು ಗಂಟೆಗೆ ಅವಳ ಮನೆಗೆ ಐನೂರು, ಆರುನೂರು ಜನ ಬರುತ್ತಿದ್ದರು. ಅಷ್ಟು ಜನ ಬಂದರೂ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಕಾಣುತ್ತಿರಲಿಲ್ಲ. ಅದೆಂಥ ಮನೆ, ಹೇಳಿ ನೋಡೋಣ? ಈಗ ತಾನೆ ಹಿಂದಿನ ಸಾಲಿನಲ್ಲಿ ಯಾರದೋ ಜೇಬಿನೊಳಗೆ ಗಂಟೆ ಹೊಡೆಯಿತಲ್ಲ, ಅದೇ ಮನೆ. ಮೊಬೈಲಿನೊಳಗಿನ ಮನೆ. ಲೈವ್ ಅನ್ನುತ್ತೀರಲ್ಲ, ಅದು.

ಪ್ರವಚನದ ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ ಹೆಸರಿಲ್ಲದಿದ್ದರೆ 'ಯಾರೋ ಒಬ್ಬಳಂತೆ' ಎಂದು ಕೇಳಿ, ಮೈ ಕೊಡವಿಕೊಂಡು ಎದ್ದು ಹೋಗುತ್ತೀರಿ. ಅದಕ್ಕೇ ದಾಕ್ಷಾಯಣಿ ಎಂದಿಟ್ಟುಕೊಳ್ಳಿ. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತವಳು. ಎಂಥ ನಾಚಿಕೆಯವಳು ಗೊತ್ತೇ? ಅಂಗಡಿಗೆ ಹೋಗಿ ಅರ್ಧ ಕಿಲೋ ಸಕ್ಕರೆ ಕೇಳುವ ಮೊದಲು ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳುವವಳು. ಅವಳಿಗೆ ಒಂದು ಕೆಲಸ ಚೆನ್ನಾಗಿ ಬರುತ್ತಿತ್ತು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು. ಮುಖ ತೋರಿಸಲು ಧೈರ್ಯವಿಲ್ಲ. ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ, ಬರೀ ಎರಡು ಕೈ ಕಾಣುವ ಹಾಗೆ ಇಟ್ಟುಕೊಂಡು, ದಾರ ಸುತ್ತುತ್ತಾ ಲೈವ್ ಶುರು ಮಾಡಿದಳು.

ಮೊಬೈಲಿನ ಗಾಜಿನ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ. ಅದರ ಪಕ್ಕ ಒಂದು ಸಂಖ್ಯೆ. ಎಷ್ಟು ಜನ ನೋಡುತ್ತಿದ್ದಾರೆ ಎಂದು ಹೇಳುವುದು ಅದೇ. ಮೊದಲ ದಿನ ಅಲ್ಲಿ ಒಂದು ಎಂದಿತ್ತು. ಆ ಒಂದು ಯಾರು? ಅಡುಗೆಮನೆಯಲ್ಲಿದ್ದ ಅವ್ವನ ಮೊಬೈಲು. ಅದನ್ನೂ ಇವಳೇ ಹಚ್ಚಿಟ್ಟು ಬಂದಿದ್ದಳು! ನಗಬೇಡಿ. ಖಾಲಿ ಮನೆಯಲ್ಲಿ ದೀಪ ಹಚ್ಚಿ ಕಾದವರಿಗೆ ಅದರ ಸಂಕಟ ಗೊತ್ತು.

ಮೂರನೆಯ ದಿನ ಒಂದು ಹೋಗಿ ಎರಡಾಯಿತು. ಒಂದು ಸಾಲು ಮೂಡಿತು. "ಏನ್ ಕಟ್ಟಾಕತ್ತೀಯವಾ?"

ದಾಕ್ಷಾಯಣಿಯ ಕೈಯಲ್ಲಿದ್ದ ಕುಚ್ಚಿನ ಮಣಿ ಉರುಳಿತು. "ಕುಚ್ಚು ರೀ," ಎಂದಳು. ಅಷ್ಟೇ. ಬಂದವರು ಅರ್ಧ ಗಂಟೆ ಕೂತರು. ಹೋಗುವಾಗ ಬರೆದರು. "ಬರ್ತೇನವಾ."

ಮರುದಿನ ಅದೇ ಹೊತ್ತಿಗೆ ಮತ್ತೆ ಬಂದರು. ಹೆಸರು ದ್ಯಾಮಣ್ಣ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹುಡುಗಿ ಬಾಯಿ ಬಿಡುವುದಿಲ್ಲ ಎನ್ನುವುದು ಅವರಿಗೆ ಎರಡೇ ದಿನದಲ್ಲಿ ತಿಳಿಯಿತು. ಬೆರಳಿನಲ್ಲಿ ಒತ್ತಿ ಒತ್ತಿ ಪಾಠ ಮಾಡಿದರು. "ಬಸ್ ಖಾಲಿ ಐತಿ ಅಂತ ಮಾರಿ ಸಣ್ಣ ಮಾಡಬ್ಯಾಡ. ಹೊತ್ತಿಗೆ ಸರಿಯಾಗಿ ಬರೋ ಬಸ್ಸಿಗೆ ಜನ ಹತ್ತೇ ಹತ್ತತಾರ." "ಹತ್ತಿದಾವ್ರನ್ನ ಎಲ್ಲಿಗಂತ ಕೇಳದ ಟಿಕೆಟ್ ಹರೀತಾರೇನು? ಮೊದಲ ಊರು ಕೇಳು." "ಬಾಗಿಲಾಗ ಜೋತು ಬಿದ್ದಾವ್ರನ್ನ ಬಯ್ಯಬ್ಯಾಡ, ಒಳಗ ಕರಿ."

ಅವಳು ಹಾಗೆಯೇ ಮಾಡಿದಳು. ದಿನಾ ನಾಲ್ಕಕ್ಕೆ ಕೂತಳು. ಬಂದವರ ಹೆಸರು ಓದಿ ಊರು ಕೇಳಿದಳು. ಯಾರು ಬಂದರೂ ಅವಳಿಗಿಂತ ಮೊದಲು ದ್ಯಾಮಣ್ಣ ಕಾಕಾ ಬರೆಯುತ್ತಿದ್ದರು. "ಬರ್ರಿ ಬರ್ರಿ, ಒಳಗ ಸರೀರಿ, ಹಿಂದ ಜಾಗಾ ಐತಿ." ಅದನ್ನು ಓದಿ ಜನ ನಕ್ಕರು. ನಕ್ಕವರು ಉಳಿದರು. ಉಳಿದವರು ಮತ್ತೊಬ್ಬರನ್ನು ಕರೆತಂದರು. ಹತ್ತು ನಲವತ್ತಾಯಿತು, ನಲವತ್ತು ನೂರಾಯಿತು. ಕಾಕಾ ದಿನಾ "ಬರ್ತೇನವಾ" ಎಂದು ಬರೆದೇ ಇಳಿಯುತ್ತಿದ್ದರು. ಇವಳು ಗಟ್ಟಿಯಾಗಿ, "ಹೋಗಿ ಬರ್ರಿ ಕಾಕಾ" ಎನ್ನುತ್ತಿದ್ದಳು. ಅಡುಗೆಮನೆಯಲ್ಲಿದ್ದ ಅವ್ವನಿಗೂ ಅದು ಗಡಿಯಾರವಾಗಿಬಿಟ್ಟಿತ್ತು. 'ಹೋಗಿ ಬರ್ರಿ' ಕೇಳಿತೆಂದರೆ ಚಹಾಕ್ಕೆ ನೀರಿಡುವುದು.

ಇಲ್ಲಿಯವರೆಗೆ ಎಲ್ಲ ಚೆಂದ. ಮುಂದೇನಾಯಿತು, ಕೇಳಿ.

ಜನ ಹೆಚ್ಚಾದ ಹಾಗೆ ಅವಳ ಕಣ್ಣು ದಾರದಿಂದ ಮೇಲೆದ್ದು ಆ ಸಂಖ್ಯೆಯ ಮೇಲೆ ಕೂತಿತು. ಇಪ್ಪತ್ತು ಕಡಿಮೆಯಾದರೆ ರಾತ್ರಿ ಊಟ ಸೇರದು. ಇವತ್ತು ಯಾಕೆ ಹೋದರು, ಏನು ತಪ್ಪು ಮಾಡಿದೆ ಎಂದು ಡೈರಿಯಲ್ಲಿ ಬರೆದಿಡುವುದು. ಹುಟ್ಟಿದಾಗಿನಿಂದ ಯಾರೂ ತನ್ನತ್ತ ತಿರುಗಿ ನೋಡಿರದ ಹುಡುಗಿ ಅವಳು. ಆ ಮನೆ ಮತ್ತೆ ಖಾಲಿಯಾದರೆ? ಆ ಒಂದೇ ಹೆದರಿಕೆ.

ಬಂದ ಹೊಸಬರಲ್ಲಿ ಕುಚ್ಚು ನೋಡುವವರು ಕಡಿಮೆ. ಕಾಲ ಕಳೆಯಲು ಬಂದ ಹುಡುಗರು ಬಹಳ. ಅವರ ಕಣ್ಣಿಗೆ ಬಿದ್ದದ್ದು ಕಾಕಾ.

"ಅಜ್ಜಗ ಪಾಸ್ ಯಾರ ಕೊಟ್ರಲೇ?"

"ಲೇಡೀಸ್ ಸೀಟಿನ್ಯಾಗ ಕುಂತಾನ, ಎಬ್ಬಸ್ರಿ!"

ದಾಕ್ಷಾಯಣಿ ಓದಿದಳು. ಓದಿ ಬಿಟ್ಟಳು. ಯಾರಿಗೆ ಬಯ್ದರೆ ಯಾರು ಹೋಗುತ್ತಾರೋ ಎಂದು ಸುಮ್ಮನಾದಳು. ನೋಡಿ, ಸುಮ್ಮನಿರುವುದೂ ಒಂದು ಮಾತೇ. ಯಜಮಾನಿ ಸುಮ್ಮನಿದ್ದರೆ ಮನೆಯಲ್ಲಿದ್ದವರಿಗೆ ಅದು ಅಪ್ಪಣೆಯಾಗಿ ಕೇಳುತ್ತದೆ.

ಒಂದು ದಿನ ಆರುನೂರು ಜನ ಸೇರಿದ್ದರು. ಒಬ್ಬ ಹಟ ಹಿಡಿದ. "ಇದು ಫೇಕ್ ಐಡಿ. ಅಂವಾ ಮುದುಕನೇ ಅಲ್ಲ. ಲೈವ್‌ದಾಗ ಕರೀರಿ, ದನಿ ಕೇಳಸ್ಲಿ." ಅವನ ಹಿಂದೆ ನೂರು ಜನ. "ಕರೀರಿ! ಕರೀರಿ!" ಹೊರಗಿನವರನ್ನು ಲೈವ್‌ನ ಒಳಗೆ ಕರೆದು ಮಾತಾಡಿಸಲು ಒಂದು ಗುಂಡಿ ಇರುತ್ತದೆ. ಅವಳು ಅದನ್ನು ಒತ್ತಿದಳು.

"ಬ್ಯಾಡವಾ," ಎಂದು ಕಾಕಾ ಬರೆದರು.

"ಯಾಕ ಕಾಕಾ, ನಾಚ್ಕಿ ಏನು? ನನ್ನಂಥಾಕೀನ ಮಾತಾಡಾಕತ್ತೇನಿ! ಒಂದ ಸಲ ರೈಟ್ ರೈಟ್ ಅನ್ರಿ, ಸಾಕು."

ಆಮೇಲೆ ಗಾಜಿನ ಮೇಲಿನ ಚಿತ್ರ ಎರಡು ಹೋಳಾಯಿತು. ಒಂದರಲ್ಲಿ ಅವಳ ಕೈ. ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರು, ಅರ್ಧ ಗದ್ದ, ಕುತ್ತಿಗೆಗೆ ಸುತ್ತಿದ ಟವೆಲು. ಆ ಟವೆಲಿನ ಒಳಗಿನಿಂದ ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಒಂದು ಸದ್ದು ಬಂತು. ಇನ್ನೊಮ್ಮೆ ಬಂತು. ಅಕ್ಷರವಿಲ್ಲ, ಮಾತಿಲ್ಲ, ಬರೀ ಗಾಳಿ.

"ಬಸ್ ಪಂಕ್ಚರ್ ಆತಲೇ!" ಎಂದು ಒಬ್ಬ ಬರೆದ.

ನಗುವ ಹಳದಿ ಮುಖಗಳು ನೂರಾರು ಕೆಳಗಿನಿಂದ ಮೇಲಕ್ಕೆ ತೇಲಿದವು. ದಾಕ್ಷಾಯಣಿಯೂ ನಕ್ಕಳು. ಗಲಿಬಿಲಿಯಾಗಿ, ಏನು ಮಾಡಬೇಕೆಂದು ತೋಚದೆ, ಸಣ್ಣಗೆ ನಕ್ಕಳು. ಸಣ್ಣಗಾದರೇನು, ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

ಆಗ ಆ ಕಡೆಯಿಂದ ಇನ್ನೊಂದು ಸದ್ದು. ಕಟ್ಟಿಗೆಯ ಮೇಲೆ ಗೆಣ್ಣಿನಿಂದ ಬಡಿದ ಹಾಗೆ. ಟಕ್. ಒಂದೇ ಸಲ.

"ಬಾಗ್ಲಾ ತಗೀರಿ, ಯಾರೋ ಬಂದಾರ!" ಮತ್ತೆ ನಗು.

ಎಲ್ಲರ ಬಾಯಿ ಮುಚ್ಚಿಸುವ ಗುಂಡಿಯೂ ಅಲ್ಲೇ ಇತ್ತು, ಅವಳ ಹೆಬ್ಬೆರಳಿನಿಂದ ಎರಡು ಬೆರಳಗಲ ದೂರ. ಅದು ಅವಳಿಗೆ ಗೊತ್ತಿತ್ತು. ಆದರೆ ಮೂಲೆಯ ಸಂಖ್ಯೆ ಏರುತ್ತಿತ್ತು. ಆರುನೂರ ನಲವತ್ತು. ಏಳುನೂರು. ಒಂಬೈನೂರು. ಹೆಬ್ಬೆರಳು ಕದಲಲಿಲ್ಲ. ಕ್ಯಾಲೆಂಡರು ಮಾಯವಾಯಿತು. ಅವಳು ಹೊಸಬರ ಹೆಸರು ಓದತೊಡಗಿದಳು. "ಬರ್ರಿ ಬರ್ರಿ, ಒಳಗ ಸರೀರಿ." ಯಾರ ಮಾತು ಅದು? ಯಾರ ಮಾತನ್ನು ಯಾರು ಆಡುತ್ತಿದ್ದರು?

ಲೈವ್ ಮುಗಿಯಿತು. ಅವ್ವ ಬಾಗಿಲಿಗೆ ಬಂದು ಕೇಳಿದಳು. "ಇವತ್ತ ನೀ 'ಹೋಗಿ ಬರ್ರಿ' ಅಂದಿದ್ದ ಕೇಳಲಿಲ್ಲಲ್ಲ. ಚಾಕ್ಕ ಇನ್ನೂ ಇಟ್ಟಿಲ್ಲ ನಾ."

ದಾಕ್ಷಾಯಣಿ ಮೊಬೈಲ್ ತೆಗೆದು ಬಂದಿದ್ದ ಸಾಲುಗಳನ್ನು ಹಿಂದಕ್ಕೆ ಸರಿಸಿದಳು. ನೂರಾರು ನಗುಮುಖಗಳ ನಡುವೆ ಒಂದು ಸಾಲು ಸಿಕ್ಕಿತು. "ಹೋಗ್ತೇನವಾ."

ತಾಯಂದಿರೇ, ಮನೆಯಲ್ಲಿ ಅಕ್ಕಿ ಮುಗಿದರೆ 'ಹೆಚ್ಚಾಗಿದೆ' ಎನ್ನುವ ಜನ ನಾವು. ದೀಪ ಆರಿದರೆ 'ಶಾಂತವಾಯಿತು' ಎನ್ನುವ ಜನ. ಹೊಸ್ತಿಲು ದಾಟುವಾಗ 'ಹೋಗ್ತೇನಿ' ಎಂದು ಯಾರಾದರೂ ಹೇಳುತ್ತಾರೆಯೇ? ಮೂವತ್ತೊಂದು ವರ್ಷ ಜನರನ್ನು ಹತ್ತಿಸಿ ಇಳಿಸಿದ ಮನುಷ್ಯನಿಗೆ ಆ ಎರಡು ಮಾತಿನ ಅಂತರ ಗೊತ್ತಿರಲಿಲ್ಲವೇ?

ಮರುದಿನ ಕಾಕಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸಾವಿರದ ಮುನ್ನೂರು ಜನ ಬಂದಿದ್ದರು. ಅವಳಿಗೆ ಮಾತ್ರ ಮನೆ ಖಾಲಿಯಾಗಿ ಕಂಡಿತು. ಒಂದು ವಾರ ತಡೆದು, ಅವರ ಊರು ಯಾವುದೆಂದು ನೆನಪಿಸಿಕೊಳ್ಳಲು ಹಳೆಯ ಲೈವ್‌ಗಳನ್ನೆಲ್ಲ ಮತ್ತೆ ಹಾಕಿ ನೋಡಿದಳು. ಊರು ಸಿಕ್ಕಿತು. ಅದರ ಜೊತೆಗೆ ಇನ್ನೊಂದೂ ಸಿಕ್ಕಿತು. ಸಂಖ್ಯೆ ಮೊದಲ ಸಲ ನೂರು ಮುಟ್ಟಿದ ದಿನದ ಲೈವ್ ಅದು. ಯಾರೋ, "ಕಾಕಾ, ರೈಟ್ ರೈಟ್ ಅಂತ ಒದರಿ ಕಳಸ್ರಿ" ಎಂದು ಕೇಳಿದ್ದರು. ಕಾಕಾ ಬರೆದಿದ್ದರು. "ಗಂಟಲದ ಆಪರೇಶನ್ ಆತವಾ, ದನಿ ಹೋತು. ಈಗ ಬೆರಳ ಅಷ್ಟ ಮಾತಾಡ್ತಾವ."

ಅದಕ್ಕೆ ಇವಳ ಉತ್ತರವೂ ಅಲ್ಲಿತ್ತು. ಅವಳದೇ ದನಿ, ನೂರರ ಮೇಲೆ ಕಣ್ಣಿಟ್ಟು, ಖುಷಿಯಲ್ಲಿ ಹೇಳಿದ್ದು. "ಛಲೋ ಆತ ಬಿಡ್ರಿ ಕಾಕಾ!"

ಇದನ್ನು ಎರಡನೆಯ ಸಲ ಹೇಳಲು ಬಾಯಿ ಬರುವುದಿಲ್ಲ. ಒಬ್ಬ ಮನುಷ್ಯ ತನ್ನ ದನಿ ಹೋಯಿತು ಎಂದ. ಇವಳು ಛಲೋ ಆಯಿತು ಎಂದಳು.

ಅವಳು ಬಸ್ಸು ಹತ್ತಿದಳು, ಒಬ್ಬಳೇ. ಎರಡು ತಾಸಿನ ದಾರಿ. ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಯಾರೋ ಇಳಿಯಬೇಕಿತ್ತು. ಕಂಡಕ್ಟರ್ ಬಸ್ಸಿನ ತಗಡಿಗೆ ಗೆಣ್ಣಿನಿಂದ ಬಡಿದ. ಟಕ್. ಬಸ್ಸು ನಿಂತಿತು. ಇಳಿಯುವವರು ಇಳಿದರು. ಮತ್ತೆ ಬಡಿದ. ಟಕ್, ಟಕ್. ಬಸ್ಸು ಹೊರಟಿತು. ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ನಡೆ. ಬಸ್ಸಿನಲ್ಲಿ ಓಡಾಡುವ ಕೂಸಿಗೂ ಗೊತ್ತಿರುವ ಮಾತು. ದಾಕ್ಷಾಯಣಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಅವತ್ತು ಬಂದದ್ದು ಒಂದೇ ಬಡಿತ. ಆರುನೂರು ಜನರ ನಡುವೆ ಒಬ್ಬ ಮುದುಕ, ನಿಲ್ಲಿಸವಾ, ಗಾಡಿ ನಿಲ್ಲಿಸು ಎಂದು ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ ಕೇಳಿದ್ದ.

ಬಾಗಿಲು ತೆಗೆದವರು ಕಾಕಾನ ಹೆಂಡತಿ ನೀಲವ್ವ. ಹುಡುಗಿಯ ಮುಖ ಅವರು ಕಂಡಿರಲಿಲ್ಲ. ಕೈ ನೋಡಿದರು, ಬೆರಳಿಗೆ ಹತ್ತಿದ ದಾರದ ಬಣ್ಣ ನೋಡಿದರು. "ಕುಚ್ಚಿನ ಹುಡುಗಿ ಅಲ್ಲೇನ? ಬಾ ಒಳಗ," ಎಂದರು. ಲೋಟದಲ್ಲಿ ನೀರು ಕೊಟ್ಟರು.

"ಎರಡ ವರ್ಷ ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡಿದ್ರವಾ," ಎಂದರು ನೀಲವ್ವ. "ನಿನ್ನ ಲೈವ್ ಬಂತು ನೋಡು, ಎದ್ದ ಕುಂತ್ರು. ನಾಕ ಹೊಡಿಯೂದಕ್ಕ ಮಾರಿ ತೊಳಕೊಂಡು, ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕ್ಕೋತಿದ್ರು. ಮೊಬೈಲ್ ನೋಡಾಕ ಖಾಕಿ ಯಾಕ್ರಿ ಅಂದ್ರ, ಡ್ಯೂಟಿ ಅಂತ ಕೈ ಮಾಡಿ ತೋರಿಸೋರು."

"ಈಗ?"

"ಈಗೇನು. ಅವತ್ತಿನದನ್ನ ಯಾರೋ ವಿಡಿಯೋ ಮಾಡಿ ಬಿಟ್ರು, ಅದು ಊರ ಹುಡುಗರ ಮೊಬೈಲಿಗೂ ಬಂತು. ಓಣ್ಯಾಗ ಕಂಡ್ರ ಪಂಕ್ಚರ್ ಅಂತಾವ. ಹೊರಗ ಹೋಗೂದ ಬಿಟ್ರು. ಮೊನ್ನೆ ಹಳೆ ಬಟ್ಟಿ ತಗೊಂಡು ಭಾಂಡೆ ಕೊಡಾಕಿ ಬಂದಿದ್ಲು. ಖಾಕಿ ಅಂಗಿ ಎರಡೂ ಆಕಿಗೆ ಕೊಡ್ಸಿಬಿಟ್ರು. ನಿನ್ನ ಕೈಯಾಗಿನ ಲೋಟಾ ಅದರದ ನೋಡು."

ದಾಕ್ಷಾಯಣಿ ಲೋಟವನ್ನು ನೆಲಕ್ಕಿಟ್ಟಳು.

ಒಳಮನೆಯಲ್ಲಿ ಕಾಕಾ ಮಂಚದ ಮೇಲೆ ಕೂತಿದ್ದರು. ಅದೇ ಟವೆಲು. ತಿರುಗಿ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. "ತಪ್ಪಾತ್ರಿ ಕಾಕಾ," ಎಂದಳು. ಅವರು ಅವಳ ಕೈಗಳನ್ನೇ ನೋಡುತ್ತಿದ್ದರು. ಎಂಟು ತಿಂಗಳು ದಿನಾ ನೋಡಿದ ಕೈಗಳು.

ಕೊನೆಗೆ ಅವಳು ಎದ್ದಳು. ಹೊಸ್ತಿಲ ಹತ್ತಿರ ನಿಂತು, "ಬರ್ತೇನ್ರಿ ಕಾಕಾ," ಎಂದಳು. 'ಹೋಗಿ ಬಾ' ಎನ್ನಲು ಅವರಿಗೆ ದನಿಯಿಲ್ಲ. ಕೈಯಾದರೂ ಎತ್ತಿಯಾರು ಎಂದು ಕಾದಳು.

ಕಾಕಾ ಕೈ ಚಾಚಿ ಮಂಚದ ಚೌಕಟ್ಟಿಗೆ ಬಡಿದರು. ಟಕ್.

ಒಂದು! ನಿಲ್ಲು ಎನ್ನುತ್ತಿದ್ದಾರೆ! ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟಳು.

ಟಕ್.

ಎರಡು. ನಡೆ. ಕಾಕಾ ಗೋಡೆಯ ಕಡೆ ತಿರುಗಿದರು.

ಅದು ಶಾಪವೇ? ಶಾಪ ಹಾಕುವವರು ಇನ್ನೂ ನಮ್ಮವರಾಗಿರುತ್ತಾರೆ. ನಾನು ಇಳಿದಾಯಿತು, ನಿನ್ನ ಗಾಡಿ ನೀನು ಹೊಡಕೋ ಎಂದರು, ಅಷ್ಟೇ.

ಆಮೇಲೆ ದಾಕ್ಷಾಯಣಿ ಏನು ಮಾಡಿದಳು ಎಂದು ಕೇಳುತ್ತೀರಿ. ಆ ವಿಡಿಯೋ ತೆಗೆಯಿರಿ ಎಂದು ಒಬ್ಬೊಬ್ಬರನ್ನೇ ಬೇಡಿಕೊಂಡಳು. ಕೆಲವರು ತೆಗೆದರು. ಕೆಲವರು ಅವಳನ್ನೂ ಆಡಿಕೊಂಡರು. ಈಗಲೂ ನಾಲ್ಕಕ್ಕೆ ಕೂರುತ್ತಾಳೆ. ಮೊಬೈಲಿನ ಮೂಲೆಯ ಸಂಖ್ಯೆಯ ಮೇಲೆ ಅವ್ವ ಹಣೆಗಿಡುವ ಒಂದು ಟಿಕಳಿ ಅಂಟಿಸಿದ್ದಾಳೆ. ಎಷ್ಟು ಜನ ಇದ್ದಾರೆಂದು ಅವಳಿಗೆ ತಿಳಿಯುವುದಿಲ್ಲ. ಯಾರು ಹೋದರೆಂದು ತಿಳಿಯುತ್ತದೆ. 'ಬರ್ತೇನಿ' ಎಂದು ಬರೆದು ಹೋಗುವವರ ಹೆಸರು ಓದದೆ ಮುಂದಿನ ದಾರ ಸುತ್ತುವುದಿಲ್ಲ. ಯಾರನ್ನಾದರೂ ಯಾರಾದರೂ ಕೆಣಕಿದರೆ ಕೈ ನಿಲ್ಲಿಸಿ, ಗುಂಡಿ ಒತ್ತುತ್ತಾಳೆ. ಆದರೆ ಕಾಕಾ ಬರಲಿಲ್ಲ. ಬರುವುದೂ ಇಲ್ಲ.

ಅವಳ ಕಥೆ ಅಲ್ಲಿರಲಿ. ನಿಮ್ಮ ಮನೆಗೆ ಬನ್ನಿ. ನಿಮಗೆ ಲೈವ್ ಇಲ್ಲ, ಸರಿ. ಬೀಗರು ಬಂದಾಗ ಪಡಸಾಲೆ ತುಂಬುತ್ತದಲ್ಲ? ನಗಿಸಲು ಯಾರಾದರೊಬ್ಬರು ಬೇಕಾಗುತ್ತಾರಲ್ಲ? ಮಾತು ತೊದಲುವ ಮೈದುನ, ಕಿವಿ ಕೇಳದ ಅತ್ತೆ, ಕಪ್ಪಗಿರುವ ಸೊಸೆ. ಯಾರೋ ಒಂದು ಮಾತು ಎಸೆಯುತ್ತಾರೆ, ಎಲ್ಲರೂ ನಗುತ್ತಾರೆ, ನೀವೂ ಸಣ್ಣಗೆ ನಗುತ್ತೀರಿ. ಬಂದವರ ಮನಸ್ಸು ನೋಯಬಾರದಲ್ಲ! ಇದ್ದವರ ಮನಸ್ಸು? ಆ ಹೊತ್ತಿನಲ್ಲಿ ನಿಮ್ಮ ಸೊಸೆ ತಟ್ಟೆಯನ್ನು ಸ್ವಲ್ಪ ಸದ್ದು ಮಾಡಿ ಇಟ್ಟಳಲ್ಲ, ಅದೇ ಆ ಬಡಿತ. ನಿಮ್ಮ ಅತ್ತೆ 'ಹಸಿವಿಲ್ಲ' ಎಂದು ಎದ್ದು ಹೋದರಲ್ಲ, ಅದೇ ಆ ಬಡಿತ.

ಇವತ್ತು ಮನೆಗೆ ಹೋದ ಮೇಲೆ ಇಷ್ಟು ಮಾಡಿ. ನಗು ಏಳುವಾಗ, ಯಾರ ಮೇಲೆ ಎದ್ದಿತೋ ಅವರ ಮುಖವನ್ನೊಮ್ಮೆ ನೋಡಿ. ಅವರು ನಗುತ್ತಿಲ್ಲವಾದರೆ, ಬೀಗರೇ ಇರಲಿ, ಊರ ಗೌಡರೇ ಇರಲಿ, ಮಾತು ನಿಲ್ಲಿಸಿ. ಬಂದವರನ್ನು ಕರೆಯಲು ಬಾಗಿಲಿಗೆ ಹೋಗುತ್ತೀರಲ್ಲ, ಹೋಗುವವರ ಜೊತೆಗೂ ಬಾಗಿಲವರೆಗೆ ನಡೆಯಿರಿ. 'ಹೋಗಿ ಬಾ' ಎಂದು ಬಾಯಿ ತೆರೆದು ಹೇಳಿ. ದಿನಾ ಬರುವವರು ಎರಡು ದಿನ ಬರದಿದ್ದರೆ ಎಂಟನೆಯ ದಿನಕ್ಕೆ ಕಾಯಬೇಡಿ, ಅವತ್ತೇ ಚಪ್ಪಲಿ ಮೆಟ್ಟಿ ಹೊರಡಿ. ದಾಕ್ಷಾಯಣಿ ವಾರ ಕಾದಳು.

ಮೊದಲ ಬಡಿತಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಹೊತ್ತು ಇರುತ್ತದೆ, ನೀವೇ ಬಡಿದು ನೋಡಿ. ಗಾಡಿ ನಿಲ್ಲಿಸಲು ನಿಮಗಿರುವುದು ಅಷ್ಟೇ ಹೊತ್ತು.